ತಕ್ಕಡಿ ಕೆಟ್ಟಿಲ್ಲ, ಊರು ಬದಲಾಗಿದೆ: ಭೂಮಿಯ ಸೆಳೆತಕ್ಕೂ ನಿಮ್ಮ ಅಂಗಡಿಯ ತೂಕಕ್ಕೂ ಏನು ಸಂಬಂಧ?

ನಮ್ಮ ಓದುಗರೊಬ್ಬರು ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದಾರೆ. ಸೀಸನ್‌ನಲ್ಲಿ ರೈತರಿಂದ ಸ್ವಲ್ಪ ಕೊಬ್ಬರಿಯನ್ನೂ ಕೊಳ್ಳುತ್ತಾರೆ. ದೆಹಲಿಯಲ್ಲಿದ್ದ ಅವರ ಬಾವಮೈದ ಅಲ್ಲಿನ ಅಂಗಡಿ ಮುಚ್ಚಿ ಊರಿಗೆ ಬರುವಾಗ ಸಾಮಾನಿನ ಜೊತೆ ಒಂದು ಎಲೆಕ್ಟ್ರಾನಿಕ್ ತಕ್ಕಡಿಯನ್ನೂ ತಂದಿದ್ದರು. 30 ಕೆಜಿ ತೂಗುವಂಥದ್ದು, ಒಳ್ಳೆಯ ಕಂಡೀಷನ್. ಇವರು ಅದನ್ನು ಅಂಗಡಿಯಲ್ಲಿಟ್ಟು, ಮೊಹರು ಇರುವ 20 ಕೆಜಿ ತೂಕದ ಬಟ್ಟನ್ನು ಮೇಲಿಟ್ಟು ನೋಡಿದರು. ತೋರಿಸಿದ್ದು 19.980. ಮತ್ತೆ ಇಟ್ಟರು, ಅದೇ. ತಟ್ಟೆ ಒರೆಸಿ, ಫ್ಯಾನ್ ಆರಿಸಿ ಇಟ್ಟರೂ ಅದೇ.

ರಿಪೇರಿಯವರ ಹತ್ತಿರ ಹೊತ್ತುಕೊಂಡು ಹೋಗಿ, "ಏನಪ್ಪಾ ಇದು, 20 ಗ್ರಾಂ ನುಂಗ್ತಾ ಇದೆಯಲ್ಲ" ಅಂದಿದ್ದಕ್ಕೆ ಅವರು ಮೊದಲು ಕೇಳಿದ್ದು, "ಎಲ್ಲಿಂದ ತಂದ್ರಿ ಅಣ್ಣ?" ದೆಹಲಿ ಅಂದ ಕೂಡಲೇ ನಕ್ಕರಂತೆ. "ತಕ್ಕಡಿ ಕೆಟ್ಟಿಲ್ಲ ಬಿಡಿ. ಊರು ಬದಲಾಗಿದೆ ಅಷ್ಟೇ."

ಇದು ತಮಾಷೆಯ ಮಾತಲ್ಲ, ನಿಜ. ಅದು ಹೇಗೆ ನಿಜ ಅನ್ನೋದನ್ನು ತಿಳಿಯಬೇಕಾದರೆ, ನಾವೆಲ್ಲ ದಿನಾ ಹೇಳುವ "ಕೆಳಗೆ" ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಕೆಳಗೆ ಅಂದರೆ ಯಾವ ಕಡೆ?

ಮನೆ ಕಟ್ಟುವ ಮೇಸ್ತ್ರಿ ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾರಲ್ಲ, ಆ ದಾರ ತೋರಿಸುವ ದಿಕ್ಕೇ ಕೆಳಗೆ. ಆ ದಾರವನ್ನು ಹಾಗೇ ನೆಲದೊಳಗೆ ಉದ್ದಕ್ಕೆ ಎಳೆಯುತ್ತಾ ಹೋದರೆ ಸುಮಾರು 6,370 ಕಿಲೋಮೀಟರ್ ಆಳದಲ್ಲಿ ಭೂಮಿಯ ನಡುವಿನ ಬಿಂದುವಿನ ಹತ್ತಿರ ಹೋಗಿ ಮುಟ್ಟುತ್ತದೆ. ಮಂಗಳೂರಿನಲ್ಲಿ ಇಳಿಬಿಟ್ಟ ದಾರವೂ ಅಲ್ಲಿಗೇ ಹೋಗುತ್ತದೆ, ಬೆಂಗಳೂರಿನದ್ದೂ ಅಲ್ಲಿಗೇ. ಅಂದಮೇಲೆ ಎರಡೂ ದಾರ ಒಂದಕ್ಕೊಂದು ನೇರ ಸಮಾಂತರ ಇರಲು ಸಾಧ್ಯವಿಲ್ಲ. ಎರಡು ಊರಿಗೂ ನೇರ ಅಳತೆಯಲ್ಲಿ ಸುಮಾರು 300 ಕಿಲೋಮೀಟರ್ ದೂರ. ಲೆಕ್ಕ ಹಾಕಿದರೆ ಆ ಎರಡು ದಾರಗಳ ನಡುವೆ ಹತ್ತಿರಹತ್ತಿರ 2.7 ಡಿಗ್ರಿ ವಾರೆ ಬರುತ್ತದೆ. ಮಂಗಳೂರಿನವರ "ನೇರ" ನಮಗೆ ಸ್ವಲ್ಪ ವಾಲಿದ್ದು, ನಮ್ಮದು ಅವರಿಗೆ. ಹಾಗಂತ ನಿಮ್ಮ ಮನೆಯ ಎರಡು ಗೋಡೆಗಳ ಬಗ್ಗೆ ಚಿಂತೆ ಬೇಡ, 30-40 ಅಡಿ ಅಂತರದಲ್ಲಿ ಆ ವ್ಯತ್ಯಾಸ ಯಾವ ಟೇಪಿಗೂ ಸಿಗುವುದಿಲ್ಲ.

ಮಕ್ಕಳು ಕೇಳುವ ಪ್ರಶ್ನೆ ಒಂದಿದೆ: ಭೂಮಿ ಉಂಡೆ ಆದರೆ ಆಚೆ ಬದಿಯವರು ಕೆಳಗೆ ಬೀಳೋದಿಲ್ವಾ? ಬೀಳುವುದಿಲ್ಲ, ಯಾಕೆಂದರೆ ಅವರ ಕೆಳಗೆ ನಮ್ಮ ಕಡೆಗಿದೆ. ನಮ್ಮೂರಿನಿಂದ ಭೂಮಿಯ ನಡುವೆ ಹಾದು ಆಚೆ ಬದಿಗೆ ನೇರ ಬಾವಿ ತೋಡಿದರೆ ಪೆರು ದೇಶದಿಂದ ಎರಡೂವರೆ ಸಾವಿರ ಕಿಲೋಮೀಟರ್‌ಗೂ ಹೆಚ್ಚು ಪಶ್ಚಿಮಕ್ಕೆ, ಪೆಸಿಫಿಕ್ ಸಾಗರದ ನಟ್ಟನಡುವೆ ಹೊರಬರುತ್ತೇವೆ. ಅಲ್ಲಿ ಹಡಗಿನಲ್ಲಿ ಹೋಗುವವರಿಗೆ ಆಕಾಶ ಮೇಲೆ, ಸಮುದ್ರ ಕೆಳಗೆ. ತಲೆಕೆಳಗಾಗಿದ್ದೇವೆ ಅಂತ ಅವರಿಗೆ ಯಾವತ್ತೂ ಅನಿಸುವುದಿಲ್ಲ, ನಮಗೆ ಅನಿಸದ ಹಾಗೇ.

ಸರಿ, ಭೂಮಿಯ ನಡುವೆ ಅಂಥದ್ದೇನಿದೆ? ದೊಡ್ಡ ಆಯಸ್ಕಾಂತ ಇದೆ, ಅದೇ ಎಳೆಯುತ್ತೆ ಅಂತ ಬಹಳ ಜನ ಹೇಳುತ್ತಾರೆ. ಅದು ತಪ್ಪು. ಆಯಸ್ಕಾಂತ ಕಬ್ಬಿಣವನ್ನು ಎಳೆದೀತು, ತೆಂಗಿನಕಾಯಿಯನ್ನಲ್ಲ. ನಿಜ ಏನೆಂದರೆ, ತೂಕ ಇರುವ ಪ್ರತಿಯೊಂದು ವಸ್ತುವೂ ಇನ್ನೊಂದನ್ನು ತನ್ನ ಕಡೆ ಎಳೆಯುತ್ತದೆ. ನಿಮ್ಮ ಕಾಲ ಕೆಳಗಿನ ಮಣ್ಣು, ಪಕ್ಕದ ಗುಡ್ಡ, ಕೆರೆಯ ನೀರು, ಸಾವಿರಾರು ಕಿಲೋಮೀಟರ್ ಆಳದ ಬಂಡೆ, ಆಚೆ ಬದಿಯ ಸಾಗರ, ಎಲ್ಲವೂ ನಿಮ್ಮನ್ನು ಎಳೆಯುತ್ತಲೇ ಇವೆ. ಒಂದೊಂದರ ಎಳೆತ ತೀರಾ ಸಣ್ಣದು. ಎಲ್ಲ ಸೇರಿದಾಗ ನಾವು ನೆಲಕ್ಕೆ ಅಂಟಿಕೊಳ್ಳುವಷ್ಟು.

ನಮ್ಮ ಕಡೆ ಜಾತ್ರೆಯಲ್ಲಿ ತೇರು ಎಳೆಯುವುದನ್ನು ನೆನೆಸಿಕೊಳ್ಳಿ. ಎಡಗಡೆ ಹಗ್ಗ ಹಿಡಿದವರು ಸ್ವಲ್ಪ ಎಡಕ್ಕೆ ಎಳೆಯುತ್ತಾರೆ, ಬಲಗಡೆಯವರು ಸ್ವಲ್ಪ ಬಲಕ್ಕೆ. ಎರಡೂ ಕಡೆ ಸರಿಸಮ ಜನ ಇದ್ದರೆ ಅಡ್ಡಕ್ಕೆ ಎಳೆದದ್ದು ಒಂದಕ್ಕೊಂದು ವಜಾ ಆಗಿ ತೇರು ನಡುಬೀದಿಯಲ್ಲಿ ನೇರ ಹೋಗುತ್ತದೆ. ಹಾಗೆಯೇ ಇಲ್ಲೂ. ನಿಮ್ಮ ಪೂರ್ವಕ್ಕಿರುವ ಮಣ್ಣು ಪೂರ್ವಕ್ಕೆ ಎಳೆಯುತ್ತದೆ, ಪಶ್ಚಿಮದ್ದು ಪಶ್ಚಿಮಕ್ಕೆ. ಅಡ್ಡ ಎಳೆತಗಳೆಲ್ಲ ಕಳೆದುಹೋಗಿ ಉಳಿಯುವುದು ಕೆಳಮುಖದ ಎಳೆತ ಮಾತ್ರ. ಭೂಮಿ ಉಂಡೆಯಾಗಿರುವುದರಿಂದ ಎಲ್ಲಿ ನಿಂತರೂ ಆ ಉಳಿದ ಎಳೆತ ನಡುವಿನ ಕಡೆಗೇ ಇರುತ್ತದೆ. ನಡುವಿನಲ್ಲಿ ಯಾರೂ ಕೂತು ಎಳೆಯುತ್ತಿಲ್ಲ. ನಿಜಕ್ಕೂ ಆ ನಡುಬಿಂದುವಿಗೇ ಹೋಗಿ ನಿಂತರೆ ಎಲ್ಲ ದಿಕ್ಕಿನಿಂದಲೂ ಒಂದೇ ಸಮ ಎಳೆದು, ನಿಮ್ಮ ತೂಕ ಸೊನ್ನೆ!

ಆಳಕ್ಕೆ ಇಳಿಯುತ್ತಾ ಹೋದ ಹಾಗೆ ತೂಕ ಕಡಿಮೆಯಾಗುತ್ತಾ ಹೋಗಬೇಕಲ್ಲ ಅಂತ ಕೇಳಬಹುದು. ಮೊದಲಲ್ಲಿ ಹಾಗಾಗುವುದಿಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಚಾಂಪಿಯನ್ ರೀಫ್ ಸುಮಾರು 3.2 ಕಿಲೋಮೀಟರ್ ಆಳ ಇತ್ತು. ಅಂಥ ಗಣಿಯ ತಳದಲ್ಲಿ ಸೆಳೆತ ಕಡಿಮೆ ಆಗುವ ಬದಲು ಒಂದು ಕೂದಲೆಳೆಯಷ್ಟು ಹೆಚ್ಚೇ ಇರುತ್ತದೆ. ಕಾರಣ, ಮೇಲಿನ ಬಂಡೆ ಹಗುರ, ಭೂಮಿಯ ಒಡಲಿನಲ್ಲಿರುವ ಕಬ್ಬಿಣದ ತಿರುಳು ಬಹಳ ಭಾರ. ಇಳಿಯುತ್ತಾ ಹೋದರೆ ಆ ಭಾರದ ಹತ್ತಿರಕ್ಕೆ ಹೋದಂತೆ. ಸುಮಾರು 2,900 ಕಿಲೋಮೀಟರ್ ಇಳಿದು ತಿರುಳಿನ ಅಂಚು ದಾಟಿದ ಮೇಲೆಯೇ ಸೆಳೆತ ನಿಜವಾಗಿ ಇಳಿಮುಖ ಆಗುವುದು.

ಊರಿಂದ ಊರಿಗೆ ಯಾಕೆ ಬೇರೆ?

ಭೂಮಿ ಗೋಲಿಯ ಹಾಗೆ ಪಕ್ಕಾ ಗುಂಡಗಿದ್ದು ಅಲುಗಾಡದೆ ನಿಂತಿದ್ದರೆ ಸೆಳೆತ ಎಲ್ಲ ಕಡೆ ಒಂದೇ ಇರುತ್ತಿತ್ತು. ಆದರೆ ಅದು ಬುಗುರಿಯ ಹಾಗೆ ತಿರುಗುತ್ತಿದೆ. ನೀವು ಅಂಗಡಿಯಲ್ಲಿ ಸುಮ್ಮನೆ ಕೂತಿದ್ದರೂ ಗಂಟೆಗೆ 1,600 ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಪೂರ್ವಕ್ಕೆ ಹೋಗುತ್ತಿದ್ದೀರಿ. ತಿರುಗುವ ವಸ್ತು ಹೊರಕ್ಕೆ ಎಸೆಯಲು ನೋಡುತ್ತದಲ್ಲ, ಅದರಿಂದ ಭೂಮಧ್ಯರೇಖೆಯ ಹತ್ತಿರ ಸೆಳೆತ ಸ್ವಲ್ಪ ಸಡಿಲ. ಇದೇ ಕಾರಣಕ್ಕೆ ಭೂಮಿಯ ಹೊಟ್ಟೆಯೂ ಉಬ್ಬಿದೆ: ನಡುವಿನಿಂದ ಭೂಮಧ್ಯರೇಖೆಗೆ 6,378 ಕಿಲೋಮೀಟರ್, ಧ್ರುವಕ್ಕೆ 6,357. ದೂರ ಹೆಚ್ಚಾದರೆ ಎಳೆತ ಕಡಿಮೆ. ಇದರ ಮೇಲೆ ಊರಿನ ಎತ್ತರ ಬೇರೆ. ಬಯಲುಸೀಮೆಯ ನಮ್ಮ ಕಡೆ, ತಿಪಟೂರು, ಅರಸೀಕೆರೆಗಳೆಲ್ಲ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 800 ಮೀಟರ್ ಮೇಲಿವೆ.

ಸೆಳೆತವನ್ನು ಅಳೆಯುವುದು ಹೀಗೆ: ಕೈಬಿಟ್ಟ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಅಂತ. ಧ್ರುವದಲ್ಲಿ ಅದು 9.832 ಮೀಟರ್, ದೆಹಲಿಯಲ್ಲಿ ಸುಮಾರು 9.791, ಬೆಂಗಳೂರಿನಲ್ಲಿ ಸುಮಾರು 9.780. ಧ್ರುವಕ್ಕೂ ಭೂಮಧ್ಯರೇಖೆಗೂ ನೂರಕ್ಕೆ ಅರ್ಧದಷ್ಟು ವ್ಯತ್ಯಾಸ. ದೆಹಲಿಗೂ ನಮಗೂ ಸಾವಿರಕ್ಕೆ ಒಂದಕ್ಕಿಂತ ತುಸು ಜಾಸ್ತಿ.

ಇದನ್ನು ಮೊದಲು ಕಂಡುಕೊಂಡದ್ದೂ ಒಂದು "ಕೆಟ್ಟ" ಯಂತ್ರದಿಂದಲೇ. 1672ರಲ್ಲಿ ಜಾನ್ ರಿಶೇ ಅನ್ನುವ ಫ್ರೆಂಚ್ ಖಗೋಳಜ್ಞ ಪ್ಯಾರಿಸ್‌ನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರವನ್ನು ದಕ್ಷಿಣ ಅಮೆರಿಕದ ಕಯೆನ್‌ಗೆ ಒಯ್ದ. ಭೂಮಧ್ಯರೇಖೆಯ ಹತ್ತಿರದ ಊರು ಅದು. ಅಲ್ಲಿ ಗಡಿಯಾರ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಸರಿ ಮಾಡಲು ಲೋಲಕವನ್ನು ಮೂರು ಮಿಲಿಮೀಟರಿಗೂ ಸ್ವಲ್ಪ ಕಡಿಮೆ ಗಿಡ್ಡ ಮಾಡಬೇಕಾಯಿತು. ಮುಂದೆ 1687ರ ತನ್ನ ಪುಸ್ತಕದಲ್ಲಿ ನ್ಯೂಟನ್ ಈ ಗಡಿಯಾರದ ಲೆಕ್ಕವನ್ನೂ ಬಳಸಿಕೊಂಡು ಭೂಮಿಯ ಹೊಟ್ಟೆ ಉಬ್ಬಿದೆ ಅಂತ ವಾದಿಸಿದ.

ಈಗ ದೆಹಲಿಯ ತಕ್ಕಡಿಗೆ ಬನ್ನಿ

ಹಳೆಯ ಎರಡು ತಟ್ಟೆಯ ತಕ್ಕಡಿಗೂ ಎಲೆಕ್ಟ್ರಾನಿಕ್ ತಕ್ಕಡಿಗೂ ಕೆಲಸದಲ್ಲೇ ವ್ಯತ್ಯಾಸ ಇದೆ. ಎರಡು ತಟ್ಟೆಯದ್ದು ಹೋಲಿಸುತ್ತದೆ. ಒಂದು ಕಡೆ ಸಕ್ಕರೆ, ಇನ್ನೊಂದು ಕಡೆ ಬಟ್ಟು. ಸೆಳೆತ ಕಡಿಮೆಯಾದರೆ ಎರಡಕ್ಕೂ ಒಂದೇ ಸಮ ಕಡಿಮೆ, ಮುಳ್ಳು ನಡುವೆಯೇ ನಿಲ್ಲುತ್ತದೆ. ಚಂದ್ರನ ಮೇಲೆ ಅಂಗಡಿ ಇಟ್ಟರೂ ಆ ತಕ್ಕಡಿ ಒಂದು ಕೆಜಿಯನ್ನು ಒಂದು ಕೆಜಿ ಅಂತಲೇ ತೋರಿಸುತ್ತದೆ.

ಎಲೆಕ್ಟ್ರಾನಿಕ್ ತಕ್ಕಡಿಯ ತಟ್ಟೆಯ ಕೆಳಗೆ ಲೋಡ್ ಸೆಲ್ ಅನ್ನುವ ಲೋಹದ ತುಂಡು ಇರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಎಷ್ಟು ಬಾಗಿತು ಅನ್ನುವುದನ್ನು ಯಂತ್ರ ಕೆಜಿ ಲೆಕ್ಕಕ್ಕೆ ತಿರುಗಿಸಿ ಅಂಕಿ ತೋರಿಸುತ್ತದೆ. ಅಂದರೆ ಅದು ನೋಡುವುದು ಸಾಮಾನು ಎಷ್ಟಿದೆ ಅಂತ ಅಲ್ಲ, ಭೂಮಿ ಆ ಸಾಮಾನನ್ನು ಎಷ್ಟು ಎಳೆಯುತ್ತಿದೆ ಅಂತ. ಕೊಕ್ಕೆಗೆ ನೇತುಹಾಕುವ ಸ್ಪ್ರಿಂಗ್ ತಕ್ಕಡಿಯೂ ಇದೇ ಜಾತಿ. ಚಂದ್ರನಲ್ಲಿ ಇದೇ ತಕ್ಕಡಿ ಒಂದು ಕೆಜಿ ಸಕ್ಕರೆಯನ್ನು ಸುಮಾರು 165 ಗ್ರಾಂ ಅಂದುಬಿಡುತ್ತದೆ.

ದೆಹಲಿಯಲ್ಲಿ ಬಟ್ಟು ಇಟ್ಟು "ಇದು 20 ಕೆಜಿ" ಅಂತ ಅದಕ್ಕೆ ಕಲಿಸಿದಾಗ ಅಲ್ಲಿನ ಎಳೆತಕ್ಕೆ ತಕ್ಕಂತೆ ಕಲಿತಿದೆ. ಇಲ್ಲಿ ಅದೇ 20 ಕೆಜಿಯನ್ನು ಭೂಮಿ ತುಸು ಕಡಿಮೆ ಎಳೆಯುತ್ತದೆ. ಕೆಜಿಗೆ ಸುಮಾರು 1.1 ಗ್ರಾಂ ಲೆಕ್ಕದಲ್ಲಿ 20 ಕೆಜಿಗೆ 22 ಗ್ರಾಂ ಕಡಿಮೆ. ತಕ್ಕಡಿ 5 ಗ್ರಾಂ ಲೆಕ್ಕದಲ್ಲಿ ತೋರಿಸುವುದರಿಂದ ಪರದೆಯ ಮೇಲೆ 19.980. ರಿಪೇರಿಯವರ ಮಾತು ಗ್ರಾಂ ಗ್ರಾಂ ಸರಿ.

ಇಷ್ಟೇ ತಾನೆ ಅನ್ನಬೇಡಿ. 5 ಗ್ರಾಂ ಲೆಕ್ಕದ ಇಂಥ ತಕ್ಕಡಿಗೆ ಮೊಹರು ಹಾಕುವಾಗ 20 ಕೆಜಿ ಭಾರದಲ್ಲಿ ಒಪ್ಪುವ ತಪ್ಪು ಏಳೂವರೆ ಗ್ರಾಂ ಮಾತ್ರ. 22 ಗ್ರಾಂ ಅಂದರೆ ಫೇಲ್. ಇದರಿಂದ ಯಾರಿಗೆ ನಷ್ಟ ಅನ್ನುವುದೂ ಮಜವಾಗಿದೆ. ತಕ್ಕಡಿ ಕಡಿಮೆ ತೋರಿಸುತ್ತದೆ, ಆದ್ದರಿಂದ ಮಾರುವಾಗ ಅಂಗಡಿಯವರು ಗೊತ್ತಿಲ್ಲದೆ ಸ್ವಲ್ಪ ಹೆಚ್ಚೇ ಹಾಕುತ್ತಾರೆ, ನಷ್ಟ ಅವರದ್ದು. ಅದೇ ತಕ್ಕಡಿಯಲ್ಲಿ ರೈತರಿಂದ ಕೊಂಡರೆ ನಷ್ಟ ರೈತರದ್ದು. ಕೊಬ್ಬರಿ ಕ್ವಿಂಟಲ್‌ಗೆ 20 ಸಾವಿರ ರೂಪಾಯಿ ಅಂತ ಇಟ್ಟುಕೊಳ್ಳಿ. ಕ್ವಿಂಟಲ್‌ಗೆ 110 ಗ್ರಾಂ ಕಡಿಮೆ ಬಂದರೆ 22 ರೂಪಾಯಿ. ಐವತ್ತು ಕ್ವಿಂಟಲ್ ತೂಗುವಷ್ಟರಲ್ಲಿ ಐದೂವರೆ ಕೆಜಿ ಕೊಬ್ಬರಿ, 1,100 ರೂಪಾಯಿ ಯಾರ ಜೇಬಿನಿಂದಲೋ ಹೋಗಿರುತ್ತದೆ. ಯಾರೂ ಮೋಸ ಮಾಡಿಲ್ಲ, ಆದರೂ ಹೋಗಿದೆ. ಚಿನ್ನದ ಅಂಗಡಿಯಲ್ಲಿ ಇನ್ನೂ ಸೂಕ್ಷ್ಮ: 100 ಗ್ರಾಂ ಚಿನ್ನಕ್ಕೆ 110 ಮಿಲಿಗ್ರಾಂ. ಅದಕ್ಕೇ ಅವರು ತಕ್ಕಡಿಯ ಪಕ್ಕದಲ್ಲೇ ಸಣ್ಣ ಡಬ್ಬಿಯಲ್ಲಿ ಬಟ್ಟು ಇಟ್ಟುಕೊಂಡಿರುತ್ತಾರೆ.

ನಮ್ಮ ರಾಜ್ಯದೊಳಗೆ ಓಡಾಡಿದರೆ ಇಷ್ಟು ಬರುವುದಿಲ್ಲ. ಕರಾವಳಿಯಿಂದ ಬಯಲುಸೀಮೆಗೆ ತಂದರೆ ಕೆಜಿಗೆ ಕಾಲು ಗ್ರಾಂ ಆಸುಪಾಸು. ತರಕಾರಿಗೆ ಲೆಕ್ಕಕ್ಕಿಲ್ಲ, ಚಿನ್ನಕ್ಕೆ ಲೆಕ್ಕಕ್ಕುಂಟು.

ಗುಂಡು ವಾಲಿದ ಕತೆ

ಮೇಸ್ತ್ರಿಯ ಗುಂಡು ನೇರ ನಡುವಿಗೆ ಹೋಗುತ್ತದೆ ಅಂತ ಮೇಲೆ ಹೇಳಿದ್ದು ಹೆಚ್ಚುಕಡಿಮೆ ಮಾತ್ರ ನಿಜ. ಭೂಮಿ ತಿರುಗುವುದರಿಂದಲೂ ಅದು ಸ್ವಲ್ಪ ಸರಿಯುತ್ತದೆ. ಒಂದು ಬದಿಗೆ ಭಾರೀ ಬೆಟ್ಟ ಇದ್ದರೆ ತೇರಿನ ಒಂದು ಹಗ್ಗಕ್ಕೆ ಜನ ಜಾಸ್ತಿ ಆದ ಹಾಗೆ, ಗುಂಡು ಕೂದಲೆಳೆಯಷ್ಟು ಅತ್ತ ವಾಲುತ್ತದೆ. ಬ್ರಿಟಿಷರ ಕಾಲದಲ್ಲಿ ಇಡೀ ದೇಶವನ್ನು ಅಳೆಯುವಾಗ ಇದು ದೊಡ್ಡ ತಲೆನೋವಾಯಿತು. ಆ ಸರ್ವೆ ಶುರು ಮಾಡಿದ ಲ್ಯಾಂಬ್ಟನ್ ತನ್ನ ಮೊದಲ ಅಳತೆಗೆರೆ ಎಳೆದದ್ದು 1800ರಲ್ಲಿ, ಬೆಂಗಳೂರಿನಲ್ಲೇ. ನಂತರ ಬಂದ ಎವರೆಸ್ಟ್‌ನ ಕಾಲದಲ್ಲಿ ಉತ್ತರ ಭಾರತದ ಕಲಿಯಾನಾ ಮತ್ತು ಮಧ್ಯ ಭಾರತದ ಕಲ್ಯಾಣ್‌ಪುರ ಅನ್ನುವ ಎರಡು ಜಾಗಗಳ ನಡುವಿನ ದೂರವನ್ನು ನೆಲದ ಮೇಲೆ ಅಳೆದಾಗ ಒಂದು ಲೆಕ್ಕ ಬಂತು, ನಕ್ಷತ್ರ ನೋಡಿ ಅಳೆದಾಗ ಇನ್ನೊಂದು. ವ್ಯತ್ಯಾಸ ಸುಮಾರು 160 ಮೀಟರ್. ನಕ್ಷತ್ರ ನೋಡುವ ಯಂತ್ರವನ್ನು ಮಟ್ಟ ಮಾಡುವ ಗುಂಡನ್ನು ಹಿಮಾಲಯ ತನ್ನ ಕಡೆ ಎಳೆದಿತ್ತು.

ಕಲ್ಕತ್ತೆಯಲ್ಲಿದ್ದ ಪ್ರ್ಯಾಟ್ ಅನ್ನುವ ಪಾದ್ರಿ 1850ರ ದಶಕದಲ್ಲಿ ಕೂತು ಲೆಕ್ಕ ಹಾಕಿದರೆ ಇನ್ನೊಂದು ಆಶ್ಚರ್ಯ. ಅಷ್ಟು ದೊಡ್ಡ ಹಿಮಾಲಯಕ್ಕೆ ಗುಂಡು ಇದರ ಮೂರರಷ್ಟು ವಾಲಬೇಕಿತ್ತು! ಯಾಕೆ ವಾಲಲಿಲ್ಲ? ಬೆಟ್ಟದ ಬುಡದಲ್ಲಿ ಆಳಕ್ಕೆ ಹಗುರವಾದ ಬಂಡೆಯ ಬೇರು ಇಳಿದಿದೆ, ಅದರಿಂದ ಎಳೆತ ಕಡಿಮೆ ಅನ್ನುವ ವಿವರಣೆ ಆಗ ಹುಟ್ಟಿತು. ಬೆಟ್ಟಗಳು ಭೂಮಿಯ ಮೇಲೆ ಹೇಗೆ ನಿಂತಿವೆ ಅನ್ನುವ ಇವತ್ತಿನ ತಿಳಿವಳಿಕೆಗೆ ಅದೇ ಅಡಿಪಾಯ. ಅಂದಹಾಗೆ ಅಷ್ಟು ವಾಲಿಕೆಯಿಂದ ಹತ್ತು ಅಡಿ ಗೋಡೆಗೆ ಬರುವ ಓರೆ ಒಂದು ಕೂದಲಿನ ದಪ್ಪ. ಗೋಡೆ ಓರೆಯಾದರೆ ಹಿಮಾಲಯದ ಮೇಲೆ ಹೇಳಿ ತಪ್ಪಿಸಿಕೊಳ್ಳಲಾಗದು.

ನಮ್ಮ ದಕ್ಷಿಣಕ್ಕೂ ಇಂಥದ್ದೊಂದು ವಿಚಿತ್ರ ಇದೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಸೆಳೆತ ಕಡಿಮೆ ಇದ್ದು, ಅಲ್ಲಿ ಸಮುದ್ರದ ಮಟ್ಟವೇ ಲೆಕ್ಕಕ್ಕಿಂತ 100 ಮೀಟರ್‌ಗೂ ಹೆಚ್ಚು ತಗ್ಗಿದೆ. ಆಫ್ರಿಕಾದ ಅಡಿಯಿಂದ ಬಂದ ಬಿಸಿಯಾದ, ಹಗುರ ಬಂಡೆಯ ರಾಶಿ ಭೂಮಿಯ ಒಳಗೆ ಇರುವುದು ಇದಕ್ಕೆ ಕಾರಣ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2023ರಲ್ಲಿ ತೋರಿಸಿದರು.

ಅಂಗಡಿಯಲ್ಲಿ ಏನು ನೋಡಬೇಕು

ಊರಿನ ಸೆಳೆತವನ್ನು ನಾವು ಬದಲಿಸಲಾಗದು. ಆದರೆ ಅಂಗಡಿಯೊಳಗೇ ಇದೇ ಥರದ ಇನ್ನೊಂದು ತಪ್ಪು ನಡೆಯುತ್ತಿರುತ್ತದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಎಲೆಕ್ಟ್ರಾನಿಕ್ ತಕ್ಕಡಿಯ ಮೂಲೆಯಲ್ಲಿ ಒಂದು ಪುಟ್ಟ ಗಾಜಿನೊಳಗೆ ಗುಳ್ಳೆ ಕಾಣುತ್ತದಲ್ಲ, ಅದು ಅಲಂಕಾರಕ್ಕಲ್ಲ. ಭೂಮಿಯ ನಡು ಯಾವ ಕಡೆ ಇದೆ ಅಂತ ಅದು ಹೇಳುತ್ತದೆ. ಗುಳ್ಳೆ ಸುತ್ತಿನ ನಡುವೆ ಇದ್ದರೆ ಭಾರ ಲೋಡ್ ಸೆಲ್ ಮೇಲೆ ನೇರ ಬೀಳುತ್ತದೆ. ತಕ್ಕಡಿ ವಾಲಿದ್ದರೆ ಎಳೆತದ ಒಂದು ಪಾಲು ಓರೆಯಾಗಿ ಹೋಗಿ ಅಂಕಿ ಕಡಿಮೆ ಬರುತ್ತದೆ. 30 ಸೆಂಟಿಮೀಟರ್ ಅಗಲದ ತಕ್ಕಡಿಯ ಒಂದು ಬದಿ ಒಂದು ಸೆಂಟಿಮೀಟರ್ ಎತ್ತರ ಇದ್ದರೆ ಸುಮಾರು 2 ಡಿಗ್ರಿ ವಾರೆ, ಕೆಜಿಗೆ ಅರ್ಧ ಗ್ರಾಂ ಮೇಲೆ ಹೋಯಿತು. ಎರಡೂವರೆ ಸೆಂಟಿಮೀಟರ್ ಎತ್ತರ ಇದ್ದರೆ ಕೆಜಿಗೆ ಮೂರೂವರೆ ಗ್ರಾಂ, ಅಂದರೆ ದೆಹಲಿಯಿಂದ ತಂದದ್ದಕ್ಕಿಂತ ಮೂರು ಪಟ್ಟು ತಪ್ಪು! ಸಂತೆಯಲ್ಲಿ ಗೋಣಿಚೀಲದ ಮೇಲೆ, ತಳ್ಳುಗಾಡಿಯ ಓರೆ ಹಲಗೆಯ ಮೇಲೆ ತಕ್ಕಡಿ ಇಟ್ಟಿರುವುದನ್ನು ನೋಡಿದ್ದೀರಲ್ಲ, ಲೆಕ್ಕ ನೀವೇ ಹಾಕಿ. ಅಡಿಯ ನಾಲ್ಕು ತಿರುಪು ಕಾಲುಗಳನ್ನು ತಿರುಗಿಸಿ ಗುಳ್ಳೆಯನ್ನು ನಡುವೆ ತರಲು ಅರ್ಧ ನಿಮಿಷ ಸಾಕು.

ಮೊಹರು ಇರುವ ಒಂದು ಬಟ್ಟು ಅಂಗಡಿಯಲ್ಲಿರಲಿ. ವಾರಕ್ಕೊಮ್ಮೆ ತಟ್ಟೆಯ ನಡುವೆ ಇಟ್ಟು ನೋಡಿ, ನಾಲ್ಕು ಮೂಲೆಯಲ್ಲೂ ಇಟ್ಟು ನೋಡಿ. ಗಿರಾಕಿ ಅನುಮಾನಪಟ್ಟರೆ ವಾದ ಮಾಡುವುದಕ್ಕಿಂತ ಬಟ್ಟು ಇಟ್ಟು ತೋರಿಸುವುದು ಸುಲಭ. ಗಿರಾಕಿಗಳೂ ಅಷ್ಟೇ, "ಕಲ್ಲು ಇಟ್ಟು ತೋರ್ಸಿ ಅಣ್ಣ" ಅಂತ ಕೇಳಿದರೆ ತಪ್ಪೇನಿಲ್ಲ.

ಅಂಕಿ ತಪ್ಪು ಬಂದರೆ ಯೂಟ್ಯೂಬ್ ನೋಡಿ ನೀವೇ ಸರಿ ಮಾಡಲು ಹೋಗಬೇಡಿ. ತಕ್ಕಡಿಗೆ ಸೀಲ್ ಹಾಕಿರುತ್ತಾರೆ, ಅದನ್ನು ತೆಗೆಯುವುದು ಲೈಸೆನ್ಸ್ ಇರುವ ರಿಪೇರಿಯವರ ಕೆಲಸ. ಸರಿ ಮಾಡಿದ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಇನ್‌ಸ್ಪೆಕ್ಟರ್ ಪರೀಕ್ಷಿಸಿ ಮತ್ತೆ ಮೊಹರು ಹಾಕಬೇಕು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ಮೊಹರು ಇಲ್ಲದ ತಕ್ಕಡಿಯಲ್ಲಿ ವ್ಯಾಪಾರ ಮಾಡುವಂತಿಲ್ಲ, ದಂಡ ಬೀಳುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ, ಎರಡು ತಟ್ಟೆಯ ತಕ್ಕಡಿ ಮತ್ತು ಬಟ್ಟುಗಳಿಗೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಅಡುಗೆಮನೆ ತಕ್ಕಡಿಗಳು ಕೇಕ್ ಮಾಡಲು ಸರಿ, ಅಂಗಡಿಗಲ್ಲ.

ನಮ್ಮ ದಿನಸಿ ಅಂಗಡಿಯವರ ತಕ್ಕಡಿಗೆ ಇಲ್ಲಿನ ಬಟ್ಟು ಇಟ್ಟು ಹೊಸದಾಗಿ ಪಾಠ ಹೇಳಿದ್ದಾಯಿತು. ಈಗ 20.000 ತೋರಿಸುತ್ತಿದೆ. ಮೊಹರು ಬೀಳುವ ತನಕ ಆರು ದಿನ ಅವರು ಅಟ್ಟದ ಮೇಲಿದ್ದ ತಂದೆಯ ಕಾಲದ ಎರಡು ತಟ್ಟೆಯ ತಕ್ಕಡಿಯನ್ನು ಇಳಿಸಿಕೊಂಡಿದ್ದರು, ಅದರ ಮೊಹರಿನ ಅವಧಿ ಇನ್ನೂ ಮುಗಿದಿರಲಿಲ್ಲ. ಬಾವಮೈದನಿಗೆ ಮಾತ್ರ ಒಂದು ಅನುಮಾನ ಉಳಿದಿದೆಯಂತೆ: ದೆಹಲಿಗಿಂತ ಇಲ್ಲಿ ತಾನು 80 ಗ್ರಾಂ ಇಳಿದಿದ್ದೇನೆಯೋ ಇಲ್ಲವೋ ಅಂತ. ಬಚ್ಚಲುಮನೆಯ ತಕ್ಕಡಿ ಹೌದು ಅನ್ನುತ್ತದೆ, ಪ್ಯಾಂಟು ಇಲ್ಲ ಅನ್ನುತ್ತದೆ.